ಕೊಡವೋ, ಕಿಂಡಿಯೋ?

ಡೇಟಾಬೇಸಿನಿಂದ ಬಂದ ರೋಗಳನ್ನ ಅಲ್ಲೇ ತಿದ್ದೋ ಚಟ ನಾವು ಬಿಡಬೇಕು. ಚಟ ಅಂತಾನೇ ಅಂತೀನಿ, ಯಾಕಂದ್ರೆ ಇದಕ್ಕೆ ಸೋಮಾರಿತನ ಬಿಟ್ಟು ಬೇರೆ ಕಾರಣ ಇಲ್ಲ.

ಗ್ರಾಹಕರ ಪಟ್ಟಿ ತೋರಿಸಬೇಕು, ಫೋನ್ ನಂಬರ್ ಅರ್ಧ ಮುಚ್ಚಬೇಕು ಅಂತಿಟ್ಟುಕೊಳ್ಳಿ. ಕ್ವೆರಿ ಓಡಿಸ್ತೀವಿ, ಬಂದ ಆಬ್ಜೆಕ್ಟಿನ ಫೋನ್ ಫೀಲ್ಡಿಗೇ ನಕ್ಷತ್ರ ತುಂಬಿಸ್ತೀವಿ. ಸ್ಕ್ರೀನ್ ಚೆನ್ನಾಗಿ ಕಾಣುತ್ತೆ, ಟೆಸ್ಟ್ ಪಾಸಾಗುತ್ತೆ, ಮನೆಗೆ ಹೋಗ್ತೀವಿ.

ಆದರೆ ನಾವು ಮಾಡಿದ್ದೇನು? ಅದು ಲೈಬ್ರರಿ ಮೇಲೆ ನಿಂತಿದೆ. ನೋಡ್‌ಜೆಎಸ್‌ನಲ್ಲಿ ಪೋಸ್ಟ್‌ಗ್ರೆಸ್ ಕ್ಲೈಂಟ್ ಕೊಡೋದು ಮಾಮೂಲಿ ಆಬ್ಜೆಕ್ಟ್; ತಿದ್ದಿದ್ದು ಮೆಮೊರಿಯಲ್ಲೇ ಉಳಿಯುತ್ತೆ. ಅದನ್ನೇ ಕ್ಯಾಶಿನಲ್ಲಿ ಇಟ್ಟಿದ್ರೆ ಎಸ್ಸೆಮ್ಮೆಸ್ ಕಳಿಸೋ ಫಂಕ್ಷನ್ನಿಗೂ ನಕ್ಷತ್ರವೇ ಸಿಗುತ್ತೆ. ಎಸ್‌ಕ್ಯೂಎಲ್‌ಆಲ್ಕೆಮಿಯ ಓಆರ್‌ಎಂನಲ್ಲಿ ಕಥೆ ಇನ್ನೂ ಕೆಟ್ಟದ್ದು. ಅಲ್ಲಿ ಸೆಷನ್ ನಮ್ಮ ಪ್ರತಿ ತಿದ್ದುಪಡಿಯನ್ನೂ ಗಮನಿಸ್ತಿರುತ್ತೆ. ಅದೇ ಸೆಷನ್ನಿನಲ್ಲಿ ಬೇರಾವುದೋ ಕೆಲಸಕ್ಕೆ ಕಮಿಟ್ ಮಾಡಿದ್ರೂ ನಕ್ಷತ್ರಗಳು ಟೇಬಲ್ಲಿಗೇ ಹೋಗಿ ಕೂರುತ್ತವೆ. ನಿಜವಾದ ನಂಬರ್ ಹೋಯ್ತು. ಆಮೇಲೆ ಓಟಿಪಿಗಾಗಿ ಕಾಯ್ತಾ ಕೂರೋರು ನಾವಲ್ಲ, ಆ ನಂಬರಿನವರು.

ಬೀದರಿನ ನೌಬಾದಿನಲ್ಲಿ 15ನೇ ಶತಮಾನದ, ಬಹಮನಿ ಕಾಲದ ಕರೇಜ್ ಇದೆ. ನೆಲದೊಳಗೆ ಮೂರು ಕಿಲೋಮೀಟರಿನಷ್ಟು ಉದ್ದದ ಸುರಂಗ, ಇಳಿಜಾರಿನಲ್ಲಿ ಹರಿಯೋ ಅಂತರ್ಜಲ, ಮೇಲಿಂದ ಅಲ್ಲಲ್ಲಿ ಬಾವಿಯಂಥ ಕಿಂಡಿಗಳು. ಸೇದಿದ ಕೊಡಕ್ಕೆ ಬಣ್ಣ ಹಾಕಿದ್ರೆ ಕೊಡ ಮಾತ್ರ ಕೆಡುತ್ತೆ; ಕಿಂಡಿಗೆ ಸುರಿದ್ರೆ ಹರಿವಿನ ಕೆಳಗಿನವರೆಲ್ಲ ಅದನ್ನೇ ಕುಡೀಬೇಕು. ಅಲ್ಲಿ ಕೊಡ ಯಾವುದು, ಕಿಂಡಿ ಯಾವುದು ಅಂತ ಕಣ್ಣಿಗೇ ಕಾಣುತ್ತೆ. ನಮ್ಮ ಕೋಡಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಅದೇ ನನ್ನ ತಕರಾರು.

"ಕಾಪಿ ಮಾಡಿದ್ರೆ ಮೆಮೊರಿ ದಂಡ ಅಲ್ವಾ?" ಅಂತಾರೆ. ಅಲ್ರೀ, ಪುಟಕ್ಕೆ 50 ರೋ ತೋರಿಸೋರಿಗೆ ಯಾವ ಮೆಮೊರಿ ಚಿಂತೆ? ಜಾವಾದ ಜೆಡಿಬಿಸಿಯನ್ನ ಹಳೇದು ಅಂತ ನಗ್ತೀವಿ, ಆದ್ರೆ ಅದರ ರಿಸಲ್ಟ್‌ಸೆಟ್ ಡೀಫಾಲ್ಟಾಗಿ ಓದೋಕೆ ಮಾತ್ರ. ತಿದ್ದಬೇಕಂದ್ರೆ ಮೊದಲೇ ಕೇಳಿ ಪಡೀಬೇಕು, ಆಮೇಲೆ ಅಪ್‌ಡೇಟ್‌ರೋ ಅಂತ ಬಾಯಿಬಿಟ್ಟು ಹೇಳಬೇಕು. ಪೈಥಾನಿನ ಸೈಕೊಪಿಜಿ ಟ್ಯೂಪಲ್ ಕೊಡುತ್ತೆ, ತಿದ್ದೋಕೆ ಹೋದ್ರೆ ಎರರ್ ಎಸೆಯುತ್ತೆ. ಆ ಎರರ್ ಕಿರಿಕಿರಿ ಅಲ್ಲ, ಉಪಕಾರ.

ತೋರಿಸೋಕೆ ಬೇರೆ ಆಬ್ಜೆಕ್ಟ್ ಕಟ್ಟಿ. ಬದಲಾಯಿಸೋದೇ ಉದ್ದೇಶ ಆದ್ರೆ ಅಪ್‌ಡೇಟ್ ಅಂತಲೇ ಬರೀರಿ, ಓದೋ ಎಲ್ಲರಿಗೂ ಕಾಣಲಿ. ರಿವ್ಯೂಗೆ ಬಂದ ಕೋಡಿನಲ್ಲಿ ಯಾರಾದ್ರೂ ರೋ ಮೇಲೇ ಗೀಚಿದ್ದರೆ, ಎಷ್ಟೇ ಸೀನಿಯರ್ ಇರಲಿ, ಅಪ್ರೂವ್ ಒತ್ತಬೇಡಿ.