ಎರಡನೆಯ ಕುರಿ

ಅರಕಲಗೂಡಿನಲ್ಲಿ ಪಾಠ ಹೇಳುತ್ತಿದ್ದ ದಿನಗಳ ಮಾತು. ಮಾಂಸದಂಗಡಿಯೊಂದರ ಬಳಿ ಕುರಿಯನ್ನು ಕೊಯ್ಯುತ್ತಿದ್ದರು. ಮತ್ತೊಂದು ಕುರಿ ಅಲ್ಲೇ ಗೂಟದಲ್ಲಿ ನಿಂತು ನೋಡುತ್ತಿತ್ತು. ಜೊತೆಗಿದ್ದ ಹುಡುಗ, “ಮೇಷ್ಟ್ರೇ, ಅದಕ್ಕೆ ನೋವಾಗುವುದಿಲ್ಲವೇ?” ಎಂದ. ಉತ್ತರಿಸದೆ ನಡೆದೆ. ಆ ಭಾನುವಾರವೂ ನಮ್ಮ ಮನೆಯಲ್ಲಿ ಮಾಂಸದಡುಗೆಯೇ ಆಯಿತು.

ಉತ್ತರವನ್ನು ಈಗ ಹೇಳುತ್ತೇನೆ. ಆಗುತ್ತದಪ್ಪ. ಕತ್ತು ಕೊಯ್ದ ಮೇಲೂ ಕೆಲವು ಸೆಕೆಂಡುಗಳ ಕಾಲ ಕುರಿಗೆ ಅರಿವಿರುತ್ತದೆ. 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕೊಲ್ಲಕೂಡದು. ಮೊದಲು ಪ್ರಜ್ಞೆ ತಪ್ಪಿಸಲು ಪ್ರತ್ಯೇಕ ಸ್ಥಳವನ್ನು ಆದಷ್ಟು ಬೇಗ ಒದಗಿಸಬೇಕು. ಹಾಗೆ ಬರೆದು ಎರಡು ದಶಕಗಳು ಕಳೆದವು. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣಗಳಲ್ಲಿ ನಾನು ಮಾಂಸ ಕೊಂಡ ಕಡೆಯಲ್ಲೆಲ್ಲೂ ಅಂಥ ಏರ್ಪಾಡನ್ನು ಕಾಣಲಿಲ್ಲ.

ವಿಧಾನವೇನೋ ಸರಳ. ಕುರಿಯ ತಲೆಯ ಇಕ್ಕೆಲಗಳಿಗೆ ವಿದ್ಯುತ್ ಇಕ್ಕಳವನ್ನೊತ್ತಿ ಕನಿಷ್ಠ ಒಂದು ಆಂಪಿಯರ್ ಪ್ರವಾಹ ಹಾಯಿಸಿದರೆ ಕ್ಷಣದಲ್ಲಿ ಅರಿವು ತಪ್ಪುತ್ತದೆ. ಅದು ಮರಳುವ ಮುನ್ನವೇ ಕೊಯ್ಯಬೇಕು. ಹೃದಯ ನಿಲ್ಲುವುದಿಲ್ಲವಾದ್ದರಿಂದ ನ್ಯೂಜಿಲೆಂಡಿನಲ್ಲಿ ಹಲಾಲ್ ಕುರಿಗೂ ಇದೇ ಕ್ರಮ. ಧಾರ್ಮಿಕ ವಿಧಿಯ ವಧೆಗೆ ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 28ನೆಯ ಕಲಮು ವಿನಾಯಿತಿ ನೀಡಿದೆ. ಅಲ್ಲಿ ಒತ್ತಾಯಕ್ಕಿಂತ ಮನವೊಲಿಕೆಯೇ ಲೇಸು. ಆದರೆ ನಾಲಗೆಯ ರುಚಿಗಾಗಿ ಭಾನುವಾರ ಬಾಡೂಟ ಮಾಡುವ ನನ್ನಂಥವನಿಗೆ ಯಾವ ವಿಧಿ ಅಡ್ಡ ಬಂದೀತು?

ತಿನ್ನಬೇಡಿರೆನ್ನುವ ಅಧಿಕಾರ ನನಗಿಲ್ಲ. ಪುರಸಭೆಗಳಲ್ಲಿ, ಪಶು ಆಸ್ಪತ್ರೆಗಳಲ್ಲಿ ಕೆಲಸದಲ್ಲಿರುವ ನನ್ನ ಶಿಷ್ಯರು ಈ ನಿಯಮವನ್ನೊಮ್ಮೆ ಓದಲಿ. ಕೊಳ್ಳುವ ನಾವು ಕೇಳೋಣ. ಇಕ್ಕಳ ಬರುವುದು ತಡವಾದರೆ, ಅಷ್ಟರಲ್ಲಿ ನಡುವೆ ಒಂದು ಗೋಡೆಯಾದರೂ ಏಳಲಿ. ಎರಡನೆಯ ಕುರಿ ನೋಡದಿರಲಿ.