ಸೊನ್ನೆ ಸಾಲು ಬಂತು ಅಂದ್ರೆ ಅಜ್ಜ ಇಲ್ಲ ಅಂತಲ್ಲ

ನಮ್ಮ ಪ್ರಾಜೆಕ್ಟ್ ಗುಂಪಿನಲ್ಲಿ ನಾಲ್ಕು ಜನ. ಇಬ್ಬರು ಫರಂಗಿಪೇಟೆ ಕಡೆಯವರು, ಒಬ್ಬಳು ಬೆಳ್ತಂಗಡಿಯವಳು, ಒಬ್ಬ ಮೂಡುಬಿದಿರೆಯವ. ನಾಲ್ಕೂ ಜನ ಇಂಗ್ಲಿಷ್ ಮೀಡಿಯಂ, ಹಾಗಾಗಿ ಒತ್ತಕ್ಷರ ತಪ್ಪಿದ್ದರೆ ಸಂಘದವರು ತಿದ್ದಬೇಕು. ಬರೆಯಲಿಕ್ಕೆ ಹೊರಟದ್ದು ಡೇಟಾಬೇಸ್ ಬಗ್ಗೆ. ಆದ್ರೆ ಶುರು ಆಗುವುದು ಒಬ್ಬ ಅಜ್ಜನಿಂದ.

ಕಳೆದ ಮಳೆಗಾಲದಲ್ಲಿ ನಮ್ಮಲ್ಲೊಬ್ಬನ ಅಜ್ಜನಿಗೆ ಏನೋ ಒಂದು ಅರ್ಜಿ ಕೊಡಲಿಕ್ಕಿತ್ತು. ಪಹಣಿ ಒಂದು ಕಡೆ, ರೇಷನ್ ಕಾರ್ಡ್ ಇನ್ನೊಂದು ಕಡೆ, ಸೊಸೈಟಿಯ ಸಾಲದ ಕಾಗದ ಮತ್ತೊಂದು ಕಡೆ. ಎಲ್ಲದರ ಜೆರಾಕ್ಸ್ ತೆಗೆಸಿ, ನೆನೆಯದ ಹಾಗೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿಕೊಂಡು ಅವರು ಮೂರು ದಿನ ಬಸ್ಸು ಹತ್ತಿ ಇಳಿದರು. ಕೊನೆಗೆ ಒಂದು ಕೌಂಟರ್‌ನಲ್ಲಿ ಸಿಕ್ಕ ಉತ್ತರ: "ಅಜ್ಜ, ನಿಮ್ಮ ಹೆಸರು ಕಂಪ್ಯೂಟರಲ್ಲಿ ಬರುದಿಲ್ಲ."

ಡಿಬಿಎಂಎಸ್ ಕ್ಲಾಸಿನ ಭಾಷೆಯಲ್ಲಿ ಹೇಳುವುದಾದ್ರೆ ಅಜ್ಜ ಮಾಡಿದ್ದು ಜಾಯಿನ್. ಮೂರು ಟೇಬಲ್‌ಗಳ ಜಾಯಿನ್, ಬಸ್ ಟಿಕೆಟ್ ಕೊಟ್ಟು. ಮಷಿನ್ ಮಾಡಬೇಕಾದ ಕೆಲಸವನ್ನು ಅಜ್ಜ ಯಾಕೆ ಮಾಡಬೇಕು ಅಂತ ನಮಗೆ ಸಿಟ್ಟು ಬಂತು. ಮಿನಿ ಪ್ರಾಜೆಕ್ಟ್‌ಗೆ ವಿಷಯ ಸಿಕ್ಕಿದ್ದೂ ಹಾಗೆಯೇ.

ಬೇರೆ ಬೇರೆ ಕಡೆ ಇರುವ ಡೇಟಾವನ್ನು ಒಂದು ಕಡೆಗೆ ಎಳೆದು ತರದೆ, ಇದ್ದಲ್ಲೇ ಪ್ರಶ್ನೆ ಕೇಳಿ ಉತ್ತರ ಜೋಡಿಸುವುದಕ್ಕೆ ಫೆಡರೇಟೆಡ್ ಕ್ವೆರಿ ಅನ್ನುತ್ತಾರೆ. ಯೋಚನೆ ಹಳೆಯದು, 1980ರ ದಶಕದ ಪೇಪರ್‌ಗಳಲ್ಲೇ ಉಂಟು. ಈಗ ಜಾಸ್ತಿ ಬಳಕೆಯಲ್ಲಿರುವ ಟ್ರಿನೊ ಅನ್ನುವ ಎಂಜಿನ್ 2012ರಲ್ಲಿ ಫೇಸ್‌ಬುಕ್‌ನೊಳಗೆ ಪ್ರೆಸ್ಟೊ ಅನ್ನುವ ಹೆಸರಲ್ಲಿ ಶುರುವಾಯಿತು, 2013ರಲ್ಲಿ ಓಪನ್ ಸೋರ್ಸ್ ಆಯಿತು. ಅದನ್ನು ಕಟ್ಟಿದವರು ಕಂಪನಿ ಬಿಟ್ಟು ಬೇರೆ ದಾರಿ ಹಿಡಿದ ಮೇಲೆ, 2020ರ ಕೊನೆಯಲ್ಲಿ ಅವರ ಕವಲಿಗೆ ಟ್ರಿನೊ ಅಂತ ಹೆಸರಾಯಿತು. ಇದು ಡೇಟಾ ಇಟ್ಟುಕೊಳ್ಳುವುದಿಲ್ಲ, ಬರೀ ಕೇಳುತ್ತದೆ. ಒಂದೊಂದು ಮೂಲಕ್ಕೂ ಒಂದೊಂದು ಕ್ಯಾಟಲಾಗ್ ಫೈಲ್: ಯಾವ ಕನೆಕ್ಟರ್, ಯಾವ ವಿಳಾಸ, ಯಾವ ಯೂಸರ್, ಏನು ಪಾಸ್‌ವರ್ಡ್. ನಾಲ್ಕು ಸಾಲು ಅಷ್ಟೇ.

ನಾವು ಲ್ಯಾಬ್‌ನ ಹಳೆ ಮಷಿನ್‌ಗಳಲ್ಲಿ ಎರಡು ಕ್ಲಸ್ಟರ್ ಕಟ್ಟಿದೆವು. ಒಂದರಲ್ಲಿ ಕ್ಲಿಕ್‌ಹೌಸ್, ಎರಡು ಶಾರ್ಡ್, ಅದರಲ್ಲಿ ಜಮೀನಿನ ಟೇಬಲ್. ಇನ್ನೊಂದು ಟ್ರಿನೊ ಕ್ಲಸ್ಟರ್. ಪಕ್ಕದ ಲ್ಯಾಪ್‌ಟಾಪ್‌ನ ಮೈಎಸ್‌ಕ್ಯುಎಲ್‌ನಲ್ಲಿ ಸೊಸೈಟಿ ಸಾಲದ ಟೇಬಲ್. (ಇಲ್ಲಿ ಸಾಲ ಬೇರೆ, ಟೇಬಲ್‌ನ ಸಾಲು ಬೇರೆ. ನಮಗೇ ಎರಡು ಸಲ ಗೊಂದಲ ಆಗಿದೆ.) ಊರುಗಳ ಹೆಸರು ನಿಜ, ಜನರ ಹೆಸರು ಪೂರ್ತಿ ನಾವೇ ಹುಟ್ಟಿಸಿದ್ದು.

ಸೆಟಪ್ ಒಂದು ಸಂಜೆಯಲ್ಲಿ ಮುಗಿಯಿತು. ಸರಿಯಾದ ಉತ್ತರ ಬರಲಿಕ್ಕೆ ಒಂದು ತಿಂಗಳು ಹಿಡಿಯಿತು.

ಮೊದಲು ಗ್ರಾಮದ ಹೆಸರು ಕಾಣಬೇಕಾದಲ್ಲಿ ಅಂಕೆ ಅಕ್ಷರಗಳ ಉದ್ದ ಸಾಲು ಬಂತು. ಕ್ಲಿಕ್‌ಹೌಸ್‌ನ ಸ್ಟ್ರಿಂಗ್‌ ಅನ್ನು ಟ್ರಿನೊ ಬರೀ ಬೈಟ್‌ಗಳು ಅಂತ ಓದುತ್ತದೆ, ಅಕ್ಷರ ಅಂತ ಓದು ಅಂತ ಬೇರೆಯೇ ಹೇಳಬೇಕು. ಆಮೇಲೆ ಅರ್ಧ ಗ್ರಾಮಗಳೇ ಮಾಯ. ನಾವು ಡಿಸ್ಟ್ರಿಬ್ಯೂಟೆಡ್ ಟೇಬಲ್ ಬಿಟ್ಟು ಒಂದು ಮಷಿನ್‌ನ ಲೋಕಲ್ ಟೇಬಲ್‌ಗೆ ಪ್ರಶ್ನೆ ಕೇಳುತ್ತಿದ್ದೆವು. ಎರರ್ ಏನೂ ಇಲ್ಲ, ಆರಾಮಾಗಿ ಅರ್ಧ ಉತ್ತರ.

ಮೂರನೆಯದ್ದು ನಿಧಾನ. 'ಗ್ರಾಮದ ಹೆಸರು ಪುದು' ಅಂತ ಒಂದೇ ಊರಿನ ಸಾಲ ಕೇಳಿದರೂ ಮೈಎಸ್‌ಕ್ಯುಎಲ್‌ನ ಇಡೀ ಟೇಬಲ್ ಲ್ಯಾಬ್ ವೈಫೈ ಮೇಲೆ ಮೆರವಣಿಗೆ ಬರುತ್ತಿತ್ತು. ಎಕ್ಸ್‌ಪ್ಲೇನ್ ಹಾಕಿ ನೋಡಿದಾಗ ಗೊತ್ತಾಯಿತು: ಮೈಎಸ್‌ಕ್ಯುಎಲ್ ದೊಡ್ಡಕ್ಷರ ಸಣ್ಣಕ್ಷರದ ಭೇದ ಮಾಡದೆ ಹೋಲಿಸಬಹುದು, ಉತ್ತರ ತಪ್ಪೀತು ಅನ್ನುವ ಭಯಕ್ಕೆ ಟ್ರಿನೊ ಅಕ್ಷರಗಳ ಫಿಲ್ಟರನ್ನು ಅಲ್ಲಿಗೆ ಕಳಿಸುವುದೇ ಇಲ್ಲ. ಎಲ್ಲವನ್ನೂ ತರಿಸಿಕೊಂಡು ತಾನೇ ಸೋಸುತ್ತದೆ. ಗ್ರಾಮಕ್ಕೆ ಹೆಸರಿನ ಬದಲು ನಂಬರ್ ಕೊಟ್ಟು ಕೇಳಿದರೆ ಫಿಲ್ಟರ್ ಮೂಲಕ್ಕೇ ಹೋಗುತ್ತದೆ, ಬೇಕಾದ ಸಾಲುಗಳಷ್ಟೇ ಬರುತ್ತವೆ.

ಆದ್ರೆ ನಿಜವಾದ ತಲೆನೋವು ಕನ್ನಡದಲ್ಲೇ ಇತ್ತು. ಪಕ್ಕದ ಕೊಡ್ಮಾಣ್ ಗ್ರಾಮ ಎರಡೂ ಟೇಬಲ್‌ನಲ್ಲಿ ಉಂಟು, ಕಣ್ಣಿಗೆ ಒಂದೇ ಥರ ಕಾಣ್ತದೆ, ಜಾಯಿನ್ ಮಾತ್ರ ಆಗುವುದಿಲ್ಲ. ಯೂನಿಕೋಡ್‌ನಲ್ಲಿ 'ಕೊ' ಎರಡು ರೀತಿ ಬರೆಯಬಹುದು: ಒತ್ವಕ್ಕೆ ಒಂದೇ ಚಿಹ್ನೆ, ಅಥವಾ ಎತ್ವದ ಚಿಹ್ನೆ ಹಾಕಿ ಅದರ ಮುಂದೆ ಊತ್ವದ್ದು. ಕಣ್ಣಿಗೆ ಒಂದೇ, ಮಷಿನ್‌ಗೆ ಬೇರೆ. ನಾರ್ಮಲೈಸ್ ಅನ್ನುವ ಫಂಕ್ಷನ್ ಹಾಕಿದರೆ ಸರಿ ಆಗುತ್ತದೆ, ಗೊತ್ತಿದ್ದವರಿಗೆ. ನಮ್ಮ ಟೆಕ್ಸ್ಟ್‌ಬುಕ್‌ನ ಉದಾಹರಣೆಗಳೆಲ್ಲ ಸ್ಮಿತ್, ಜೋನ್ಸ್. ಅವರಿಗೆ ಈ ಸಮಸ್ಯೆ ಬರುವುದಿಲ್ಲ ನೋಡಿ.

ಇನ್ನು ಫರಂಗಿಪೇಟೆ. ಬಸ್ಸಿನ ಬೋರ್ಡಲ್ಲಿ ಫರಂಗಿಪೇಟೆ, ಕೆಲವರ ಕಾಗದದಲ್ಲಿ ಪರಂಗಿಪೇಟೆ, ಇಂಗ್ಲಿಷ್‌ನಿಂದ ವಾಪಸ್ ಬಂದಲ್ಲಿ ಫರಂಗಿಪೇಟ್. ಕಂಡಕ್ಟರ್ ಹತ್ರ ಪುದು ಅಂತ ಯಾರೂ ಟಿಕೆಟ್ ಕೇಳುವುದಿಲ್ಲ, ಆದ್ರೆ ಪಂಚಾಯತ್ ಪುದು, ಅಜ್ಜನ ಪಹಣಿಯಲ್ಲಿರುವ ಗ್ರಾಮವೂ ಪುದು. ಅವರ ರೇಷನ್ ಕಾರ್ಡಲ್ಲಿ ಫರಂಗಿಪೇಟೆ. ಇದನ್ನು ಯಾವ ಫಂಕ್ಷನ್ನೂ ಸರಿ ಮಾಡುವುದಿಲ್ಲ. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಪ್ರತಿ ಗ್ರಾಮಕ್ಕೂ ಒಂದು ಕೋಡ್ ಉಂಟು. ಜೋಡಿಸುವುದಾದರೆ ಅದರ ಮೇಲೆಯೇ ಜೋಡಿಸಬೇಕು, ಹೆಸರಿನ ಮೇಲೆ ಅಲ್ಲವೇ ಅಲ್ಲ ಅಂತ ನಮ್ಮ ಅಭಿಪ್ರಾಯ.

ಹೀಗೆ ಹೇಳಿದಾಗ ಸೀನಿಯರ್ಸ್ ಕೇಳಿದ್ರು: ಇಷ್ಟು ಕಷ್ಟ ಯಾಕೆ, ಎಲ್ಲ ಒಂದೇ ಕಡೆ ಕಾಪಿ ಮಾಡಿ ಇಟ್ರೆ ಆಯ್ತಲ್ಲ? ಅವರ ಮಾತಲ್ಲೂ ಸತ್ಯ ಉಂಟು. ಫೆಡರೇಟೆಡ್ ಕ್ವೆರಿ ನಿಧಾನ. ಕೆಲಸದ ಹೊತ್ತಲ್ಲಿ ಮೂಲದ ಮೇಲೆ ಭಾರ ಹಾಕುತ್ತದೆ. ಒಂದು ಮೂಲ ಮಲಗಿದರೆ ಉತ್ತರವೂ ಮಲಗುತ್ತದೆ. ಆದರೂ ನಾವು ಒಪ್ಪಲಿಲ್ಲ. ಭೂಮಿ ಯೋಜನೆ 2000ರ ದಶಕದ ಶುರುವಿನಲ್ಲೇ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಅದರಲ್ಲಿ ಇವತ್ತು ಮ್ಯುಟೇಶನ್ ಆಗಿ ಹೆಸರು ಬದಲಾದರೆ, ನಿನ್ನೆ ಮಾಡಿದ ಕಾಪಿಯಲ್ಲಿ ಹಳೆ ಹೆಸರೇ. ಯಾವುದು ನಿಜ ಅಂತ ಜಗಳ ಆದಾಗ ಮತ್ತೆ ಬಸ್ಸು ಹತ್ತುವುದು ಅಜ್ಜನೇ. ಜೊತೆಗೆ, ಎಲ್ಲ ಒಂದೇ ಕಡೆ ಇದ್ದರೆ ಒಂದು ಪಾಸ್‌ವರ್ಡ್ ಸಾಕು, ಒಬ್ಬ ಮನುಷ್ಯನ ಜಮೀನು, ಸಾಲ, ಮನೆಮಂದಿ ಪೂರ್ತಿ ಬಯಲು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲೇ ಹೇಳಿಯಾಗಿದೆ. ಟ್ರಿನೊದಲ್ಲೂ ಪಾಸ್‌ವರ್ಡ್ ಕ್ಯಾಟಲಾಗ್ ಫೈಲಲ್ಲೇ ಕೂತಿರುತ್ತದೆ, ಸುಳ್ಳು ಹೇಳುವುದಿಲ್ಲ. ಆದ್ರೆ ಅಲ್ಲಿ ಬಾಗಿಲು ಮೂಲದವರ ಕೈಯಲ್ಲಿರುತ್ತದೆ. ಬೇಕಾದ ಎರಡು ಕಾಲಂ ಮಾತ್ರ ಇರುವ ಒಂದು ವ್ಯೂ ಮಾಡಿ, ಓದುವ ಅನುಮತಿ ಮಾತ್ರ ಕೊಟ್ಟು, ಬೇಡ ಅನ್ನಿಸಿದ ದಿನ ಬಾಗಿಲು ಹಾಕಬಹುದು.

ಈಗ ನಾವೇ ನಾಚಿಕೆಪಡಬೇಕಾದ ವಿಷಯ. ಕ್ಲಿಕ್‌ಹೌಸ್‌ನಲ್ಲಿ ಒಂದು ಸೆಟ್ಟಿಂಗ್ ಉಂಟು: ಸಿಗದ ಶಾರ್ಡನ್ನು ಬಿಟ್ಟು ಸಿಕ್ಕಿದ್ದರಲ್ಲಿ ಉತ್ತರ ಕೊಡು ಅಂತ. ಸುಮ್ಮನೆ ಬಿಟ್ಟರೆ ಅದು ಆಫ್ ಇರುತ್ತದೆ, ಶಾರ್ಡ್ ಸಿಗದಿದ್ದರೆ ಎರರ್ ಬರುತ್ತದೆ. ಡೆಮೊ ದಿನ ಕೆಂಪು ಎರರ್ ಕಾಣಬಾರದು ಅಂತ ನಾವು ಅದನ್ನು ಆನ್ ಮಾಡಿದ್ದೆವು. ಅವತ್ತೇ ಒಂದು ಮಷಿನ್‌ನ ಪವರ್ ಕೇಬಲ್ ಸಡಿಲ. ನಾವು ಗ್ರಾಮದ ಕೋಡ್ ಮೇಲೆ ಶಾರ್ಡ್ ಹಂಚಿದ್ದರಿಂದ ಪುದು ಪೂರ್ತಿ ಅದರಲ್ಲೇ ಇತ್ತು. ಪರೀಕ್ಷೆಗೆ ಅಂತ ಅಜ್ಜನ ಹಾಗಿರುವ ಒಬ್ಬ ಸುಳ್ಳು ಅಜ್ಜನನ್ನೂ ಟೇಬಲ್‌ನಲ್ಲಿ ಹಾಕಿದ್ದೆವು. ಸರ್ ಅದೇ ಹೆಸರು ಕೇಳಿದರು. ಸೊನ್ನೆ ಸಾಲು. ಸರ್, "ಹಾಗಾದ್ರೆ ಇವರಿಗೆ ಜಮೀನಿಲ್ಲ" ಅಂದರು. ನಾವು ನಾಲ್ಕೂ ಜನ ತಲೆ ಅಲ್ಲಾಡಿಸಿದೆವು. ಮಾರ್ಕ್ಸ್ ಸಹ ಬಂತು. ಮಷಿನ್ ಆಫ್ ಇದ್ದದ್ದು ಗೊತ್ತಾಗಿದ್ದು ಊಟದ ನಂತರ. ಸರ್ ಹತ್ರ ಹೋಗಿ ಹೇಳಿದೆವು, ಸ್ವಲ್ಪ ತಡವಾಗಿ.

ಕೌಂಟರ್‌ನಲ್ಲಿ 'ಬರುದಿಲ್ಲ' ಅಂದವರ ಮೇಲೆ ನಮಗಿದ್ದ ಸಿಟ್ಟು ಆ ಮಧ್ಯಾಹ್ನ ಇಳಿಯಿತು. ಅವರ ಎದುರು ಇದ್ದದ್ದೂ ಖಾಲಿ ಸ್ಕ್ರೀನ್. ಖಾಲಿ ಸ್ಕ್ರೀನ್‌ಗೆ ಎಷ್ಟು ಕಾರಣ ಇರಬಹುದು ಅಂತ ಆಮೇಲೆ ಎಣಿಸಿದೆವು. ಮಷಿನ್ ಆಫ್, 'ಕೊ' ಬೇರೆ, ಊರಿನ ಹೆಸರು ಬೇರೆ. ಅಥವಾ ಪಹಣಿಯ 9ನೇ ಕಾಲಂನಲ್ಲಿ ಇನ್ನೂ ತೀರಿಕೊಂಡ ಮುತ್ತಜ್ಜನ ಹೆಸರೇ ಇದೆ, ಪೌತಿ ಖಾತೆ ಆಗಿಲ್ಲ. ಅಥವಾ ನಿಜವಾಗಿಯೂ ಜಮೀನಿಲ್ಲ. ಕ್ವೆರಿ ಈ ಎಲ್ಲದಕ್ಕೂ ಒಂದೇ ಮುಖ ತೋರಿಸುತ್ತದೆ. ಆದ್ದರಿಂದ ಜನರ ಹಕ್ಕಿನ ವಿಷಯದಲ್ಲಿ ಇಂಥ ಸಿಸ್ಟಮ್ ಕಟ್ಟುವವರು 'ಸಿಗಲಿಲ್ಲ' ಮತ್ತು 'ಇಲ್ಲ' ಎರಡನ್ನೂ ಬೇರೆ ಬೇರೆ ಉತ್ತರ ಮಾಡಲೇಬೇಕು. ಯಾವ ಮೂಲ ಉತ್ತರ ಕೊಟ್ಟಿತು, ಯಾವುದು ಕೊಡಲಿಲ್ಲ ಅಂತ ಸ್ಕ್ರೀನ್ ಮೇಲೆಯೇ ಕಾಣಬೇಕು. ಸಿಗದಿದ್ದ ಅರ್ಜಿ ತಿರಸ್ಕಾರಕ್ಕೆ ಹೋಗದೆ ಒಬ್ಬ ಮನುಷ್ಯನ ಮೇಜಿಗೆ ಹೋಗಬೇಕು.

ನಾವು ಆ ಸೆಟ್ಟಿಂಗ್ ಆಫ್ ಮಾಡಿದ್ದೇವೆ. ಈಗ ಡೆಮೊದಲ್ಲಿ ಕೆಂಪು ಎರರ್ ಬರುತ್ತದೆ, ಬರಲಿ. ಮುಂದಿನ ಸೆಮಿಸ್ಟರ್‌ಗೆ ಊರಿನ ಹೆಸರುಗಳ ಒಂದು ಟೇಬಲ್ ಮಾಡುತ್ತಿದ್ದೇವೆ: ಜನ ಕರೆಯುವ ಹೆಸರು, ಪಹಣಿಯ ಹೆಸರು, ಕೋಡ್. ಪುದು, ತುಂಬೆ, ಮೇರಮಜಲು, ಕೊಡ್ಮಾಣ್ ಆಗಿದೆ. ಬೆಳ್ತಂಗಡಿ, ಮೂಡುಬಿದಿರೆ ಕಡೆಯವರು ನಿಮ್ಮ ಮನೆಯ ಪಹಣಿ ಮತ್ತು ರೇಷನ್ ಕಾರ್ಡಿನಲ್ಲಿ ಊರಿನ ಹೆಸರು ಹೇಗೆ ಬರೆದಿದೆ ಅಂತ ಒಂದು ಚೀಟಿಯಲ್ಲಿ ಬರೆದು ಸಂಘದ ಡಬ್ಬಕ್ಕೆ ಹಾಕಿ. ಊರಿನ ಹೆಸರು ಮಾತ್ರ ಸಾಕು, ಮನೆಯವರ ಹೆಸರು ಬೇಡ.