ಐದು ವರ್ಷದ ಮಗುವಿಗೆ ಯುಕೆಜಿಯ ಷರತ್ತೇಕೆ?

ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬ ರಾಜ್ಯ ಸರ್ಕಾರದ ಆದೇಶ 2022ರಲ್ಲೇ ಹೊರಟಿತ್ತು. ಅದು ಜಾರಿಯಾಗಬೇಕಿದ್ದದ್ದು 2025-26ರಲ್ಲಿ. ಅಷ್ಟರಲ್ಲಿ ಪೋಷಕರು ಗದ್ದಲ ಎಬ್ಬಿಸಿದರು. ಶಿಕ್ಷಣ ಸಚಿವ ಮಧು ಬಂಗಾರಪ್ಪ 2025ರ ಏಪ್ರಿಲ್‌ನಲ್ಲಿ ಮಣಿದರು: ಐದು ವರ್ಷ ಐದು ತಿಂಗಳಾಗಿದ್ದು ಯುಕೆಜಿ ಮುಗಿದಿದ್ದರೆ ಸಾಕು, ಅದೂ ಆ ಒಂದು ವರ್ಷಕ್ಕೆ ಮಾತ್ರ. ‘ಮಗುವಿನ ಒಂದು ವರ್ಷ ಹಾಳಾಗುತ್ತದೆ’ ಎಂದು ಕೂಗಿದವರನ್ನು, ಎರಡೂವರೆ ವರ್ಷದ ಕೂಸನ್ನು ನರ್ಸರಿಗೆ ಹಾಕಲು ಅವಸರವೇನಿತ್ತು ಎಂದು ಯಾರೂ ಕೇಳಲಿಲ್ಲ.

ವಯಸ್ಸು ಇಳಿಸಿದ್ದು ತಪ್ಪು. ಯುಕೆಜಿಯ ಷರತ್ತು ಹಾಕಿದ್ದು ಅದಕ್ಕಿಂತ ದೊಡ್ಡ ತಪ್ಪು. ಸಂವಿಧಾನದ 21ಎ ವಿಧಿಯ ಶಿಕ್ಷಣದ ಹಕ್ಕು ಆರರಿಂದ ಹದಿನಾಲ್ಕು ವರ್ಷದವರದು. ಆರರೊಳಗಿನ ಮಕ್ಕಳ ಆರೈಕೆ, ಕಲಿಕೆ 45ನೇ ವಿಧಿಯಂತೆ ಸರ್ಕಾರದ ಹೊಣೆ. ಎಲ್‌ಕೆಜಿಗೆ ಕಳಿಸಲೇಬೇಕೆಂದು ತಂದೆತಾಯಿಗೆ ಯಾವ ಕಾನೂನೂ ಹೇಳಿಲ್ಲ. ಹಾಗಿದ್ದ ಮೇಲೆ ಮನೆಯಲ್ಲೇ ಕಲಿತ ಐದೂವರೆ ವರ್ಷದ ಮಗು ಆ ಸಡಿಲಿಕೆಗೆ ಅನರ್ಹವಾದದ್ದು ಹೇಗೆ?

ಬೇಗ ಶಾಲೆಗೆ ಸೇರಿಸುವ ಅವಸರ ಹಳ್ಳಿಗೂ ಬಂದಿದೆ. ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಕಡೆ ನೋಡಿ. ಕೆಂಪೇಗೌಡರ ಕೋಟೆಯ ಬೆಟ್ಟ, ಬುಡದಲ್ಲಿ ಸಂತೆಪೇಟೆ, ಸುತ್ತ ರಾಗಿ ಹೊಲ, ತೆಂಗು, ಮಾವು. ಇಂಥ ಹಳ್ಳಿಗಳ ಮಕ್ಕಳೂ ಈಗ ಹೊತ್ತೇರುವ ಮೊದಲೇ ಟೈ ಕಟ್ಟಿಕೊಂಡು ಪೇಟೆಯ ಶಾಲೆಯ ವ್ಯಾನಿಗೆ ಕಾಯುತ್ತವೆ. ಅರ್ಧ ನಿದ್ದೆ, ಅರ್ಧ ಇಡ್ಲಿ. ಮೂರು-ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ, ಮೂರು ಗಂಟೆ ಓಡಾಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೊಬೈಲು, ಟಿವಿ ಒಂದು ಗಂಟೆ ಮೀರಬಾರದು.

ಮಿದುಳಿನ ಬೆಳವಣಿಗೆಯ ಶೇಕಡಾ 85ಕ್ಕಿಂತ ಹೆಚ್ಚು ಭಾಗ ಆರು ವರ್ಷದೊಳಗೆ ಆಗುತ್ತದೆ ಎನ್ನುತ್ತದೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ. ಅದಕ್ಕೇ ಬೇಗ ಸೇರಿಸಿ ಎಂದು ಇದೇ ಮಾತನ್ನು ತೋರಿಸಿ ಹೆದರಿಸುವವರಿದ್ದಾರೆ. ಅದೇ ನೀತಿ ಈ ವಯಸ್ಸಿನ ಕಲಿಕೆ ಆಟದಲ್ಲೇ ಆಗಬೇಕು ಎಂದಿರುವುದನ್ನು ಅವರು ಹೇಳುವುದಿಲ್ಲ. ನರಕೋಶಗಳ ನಡುವಿನ ಕೊಂಡಿಗಳಲ್ಲಿ ಬಳಕೆಗೆ ಬಂದವು ಗಟ್ಟಿಯಾಗುತ್ತವೆ, ಬಳಸದವು ಉದುರಿಹೋಗುತ್ತವೆ. ಬಳಕೆಯೆಂದರೆ ಮಗು ಒಂದು ಕೇಳುವುದು, ದೊಡ್ಡವರು ಉತ್ತರಿಸುವುದು, ಮಗು ಮತ್ತೊಂದು ಕೇಳುವುದು. ಅರವತ್ತು ಮಕ್ಕಳಿಗೆ ಒಬ್ಬರೇ ಮಿಸ್ ಇರುವ ಕೋಣೆಯಲ್ಲಿ ಇದು ನಡೆಯುತ್ತದೆಯೇ?

ಮನೆಯಲ್ಲಾದರೆ ನಡೆಯುತ್ತದೆ. ಅವರೆಯ ಕಾಲದಲ್ಲಿ ನೆನೆದ ಕಾಳನ್ನು ಅಜ್ಜಿಯ ಜೊತೆ ಹಿದುಕಲು ಮಗುವನ್ನೂ ಕೂರಿಸಿಕೊಳ್ಳಿ. ಪೆನ್ಸಿಲ್ ಹಿಡಿಯಬೇಕಾದ ಬೆರಳುಗಳಿಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಅಳಗುಳಿಮಣೆಯಲ್ಲಿ ಹುಣಸೆಬೀಜ ಹಂಚುತ್ತ ಹೋದರೆ ಎಣಿಕೆ ಬರುತ್ತದೆ. ತನ್ನ ಸರದಿ ಬರುವವರೆಗೆ ಸುಮ್ಮನಿರುವುದೂ ಬರುತ್ತದೆ, ಕಷ್ಟವಾದದ್ದು ಅದೇ. ಒಗಟು ಬಿಡಿಸಲಿ. ಕತೆಯನ್ನು ನಡುವೆ ನಿಲ್ಲಿಸಿ, ಮುಂದೇನಾಯಿತು ಎಂದು ಮಗುವನ್ನೇ ಕೇಳಿ. ಇದೆಲ್ಲ ಮನೆಯ ಮಾತಿನಲ್ಲೇ ನಡೆಯಲಿ, ಇಂಗ್ಲಿಷಿಗೆ ಮುಂದೆ ಬೇಕಾದಷ್ಟು ವರ್ಷಗಳಿವೆ. ನಗರದ ಕೆಲವರು ಮನೆಶಾಲೆಯ ಹೆಸರಿನಲ್ಲಿ ಫ್ಲ್ಯಾಶ್ ಕಾರ್ಡ್ ರಾಶಿ ಹಾಕಿ ವೇಳಾಪಟ್ಟಿ ಬರೆಯುತ್ತಾರೆ. ಶಾಲೆಯ ರೋಗವನ್ನೇ ಮನೆಗೆ ಕರೆದಂತಾಯಿತು ಅಷ್ಟೆ.

ಕೂಲಿಗೋ ಗಾರ್ಮೆಂಟ್ಸಿಗೋ ಹೋಗುವ ತಾಯಿ ಏನು ಮಾಡಬೇಕು ಎನ್ನುತ್ತೀರಿ. ನ್ಯಾಯವಾದ ಪ್ರಶ್ನೆ. ಅಜ್ಜಿಯಿಲ್ಲದ, ಮಾತಿಗೆ ಪುರುಸೊತ್ತಿಲ್ಲದ ಮನೆಗಳಿವೆ. ಅಲ್ಲಿನ ಮಗುವಿಗೆ ಊರಿನಲ್ಲೇ ಅಂಗನವಾಡಿ ಇದೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಶುರುವಾದ ಈ ಯೋಜನೆ ಕಲಿಕೆಯ ಜೊತೆ ಊಟವನ್ನೂ ಕೊಡುತ್ತದೆ. ರಕ್ತಹೀನತೆಯಿರುವ ಮಗುವಿನ ಮಿದುಳಿಗೆ ಎಬಿಸಿಡಿಗಿಂತ ಮೊದಲು ಬೇಕಾದದ್ದು ಕಬ್ಬಿಣಾಂಶ. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ ತೆರೆಯುವುದನ್ನು ವಿರೋಧಿಸಿ 2024ರ ಜೂನ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಬೀದಿಗಿಳಿದರು. ತಮ್ಮ ಕೇಂದ್ರ ಖಾಲಿಯಾದೀತೆಂಬ ಅವರ ಭಯ ಸುಳ್ಳಲ್ಲ. ಆದರೆ ಸಮೀಕ್ಷೆ, ದಾಖಲೆ, ಆ್ಯಪ್ ತುಂಬುವ ಕೆಲಸ ಹೇರಿ ಅವರನ್ನು ಮಕ್ಕಳಿಂದ ದೂರ ಮಾಡಿದ್ದು ಸರ್ಕಾರವೇ.

ಶಿಕ್ಷಣ ಇಲಾಖೆ ಆರು ವರ್ಷದ ನಿಯಮವನ್ನು ಇನ್ನು ಸಡಿಲಿಸಬಾರದು. ಒಂದನೇ ತರಗತಿಯ ದಾಖಲಾತಿಗೆ ಹುಟ್ಟಿದ ದಿನಾಂಕ ಸಾಕು; ಸರ್ಕಾರಿ ಶಾಲೆಯಿರಲಿ, ಖಾಸಗಿ ಶಾಲೆಯಿರಲಿ, ಯುಕೆಜಿಯ ಪತ್ರ ಕೇಳಕೂಡದೆಂದು ಲಿಖಿತವಾಗಿ ಆದೇಶಿಸಲಿ.